ಪೋರ್ಚುಗಲ್‌ನಲ್ಲಿ ಚೆಲ್ಲಿದ ಚರಗ

ಊಟ, ವಸತಿಗಾಗಿ ಸಾವಯವ ಹೊಲಗಳಲ್ಲಿ ದುಡಿಯುತ್ತ ದೇಶ ಸುತ್ತುತ್ತಿದ್ದ ನಾನು ಪೋರ್ಚುಗಲ್ ತಲುಪುವಷ್ಟರಲ್ಲಿ ದಣಿದಿದ್ದೆ. ಎಳ್ಳಮಾವಾಸ್ಯೆಯ ಮಧ್ಯಾಹ್ನ ಒಡತಿಯನ್ನು ಕೇಳದೆ, ನಮ್ಮೂರು ಸಂತಪುರದಲ್ಲಿ ಮಾಡುವಂತೆ, ಭೂಮಿತಾಯಿಗೆ ಎಡೆಯಾಗಿ ಅನ್ನದ ಚರಗ ಚೆಲ್ಲುತ್ತ ಅವಳ ಹೊಲ ಸುತ್ತಿದೆ. ಊರಲ್ಲಾದರೆ ಹಿಂದೆ ಒಬ್ಬರು ನೀರು ಚಿಮುಕಿಸುತ್ತ, ಮರುಕೂಗು ಕೊಡುತ್ತ ಬರುತ್ತಾರೆ, ಇಲ್ಲಿ ನಾನೊಬ್ಬನೇ.

“ಹುಲ್ಲುಲ್ಲಿಗೋ” ಎಂದು ಚರಗದ ಕೂಗು ಹಾಕಿದೆ.

“ಚಳಾಂಬ್ರಿಗೋ” ಎಂದು ಬೆನ್ನ ಹಿಂದಿನಿಂದ ಮರುಕೂಗು ಬಂತು. ತಿರುಗಿದರೆ ಯಾರೂ ಇಲ್ಲ, ಮಣ್ಣು ಮಾತ್ರ ಒದ್ದೆ.

ಅವ್ವನಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ.

“ಮಂದಿ ಹೊಲದಾಗ ಯಾಕ ಚೆಲ್ಲಿದ್ಯೋ ಹುಚ್ಚಪ್ಪಾ?”

“ರೂಢಿ ತಪ್ಪಬಾರ್ದಂತ, ಅವ್ವಾ. ತಪ್ಪಾತೇನು?”

“ಒಮ್ಮಿ ನಿನ್ನ ಕೈಯಾಗ ಉಂಡಿದ್ದು ಬೆನ್ನು ಬಿಡಂಗಿಲ್ಲ. ಇವತ್ತೇ ಹೊಂಡು.”

ಅಂದೇ ಹೊರಟೆ. ಈಗ ಮೂರನೆಯ ದೇಶ. ದಿನಾ ಬೆಳಿಗ್ಗೆ ಬಾಗಿಲು ತೆಗೆದರೆ, ಕೋಣೆಯ ಸುತ್ತಲೂ ನೀರು ಚಿಮುಕಿಸಿದ ಗೆರೆ ಹಸಿಯಾಗಿಯೇ ಇರುತ್ತದೆ.