ಮೂರನೇ ಹೊಲ

ಮಸಗುಪ್ಪಿಯ ನೆರೆ ಎಚ್ಚರಿಕೆಯ ಸೈರನ್ ಪೆಟ್ಟಿಗೆಯನ್ನು ಸಿದ್ರಾಯ ಗೋಕಾಕದ ವರ್ಕ್‌ಶಾಪಿನಲ್ಲಿ ಅರ್ಚನಾಳ ಮೇಜಿನ ಮೇಲಿಟ್ಟಾಗ, ಅದರಿಂದ ಇನ್ನೂ ಹೊಳೆಯ ಕೆಸರು ಸೋರುತ್ತಿತ್ತು.

"ಇದನ್ನ ಮಾಡಿದಾಕಿ ನೀವ ಏನ್ರಿ?"

"ಹೌದ್ರಿ..."

"ನೀರ ಏರಿದ್ರ ಒದರತೈತಿ ಅಂದಿದ್ರಿ. ನಮ್ಮಪ್ಪ ಇದನ್ನ ನಂಬಿ ದಂಡಿಮ್ಯಾಲ ಕುರಿ ನಿಲ್ಲಿಸಿದ್ದ. ಅಪ್ಪನೂ ಹೋದ, ನಲವತ್ತ ಕುರಿನೂ ಹೋದ್ವು. ಯಾಕ ಒದರಲಿಲ್ಲ, ಹೇಳ್ರಿ."

ಅರ್ಚನಾಳ ಎದೆ ಬಡಿದ ಸದ್ದಿಗೆ ಗೋಕಾಕದ ಫಾಲ್ಸೂ ಒಂದು ಗಳಿಗೆ ಸುಮ್ಮನಾಗಿರಬೇಕು!

ಪೆಟ್ಟಿಗೆಯೊಳಗಿನ ಬೋರ್ಡಿಗೆ ಕಣ್ಣಿಲ್ಲ. ನೀರು ಅಳೆಯುವ ಚಿಪ್ ಯಾವ ವಿಳಾಸದಲ್ಲಿದೆ ಎಂದು ಡಿವೈಸ್ ಟ್ರೀ ಎಂಬ ಫೈಲಿನಲ್ಲಿ ಬರೆದಿಡಬೇಕು. ಬರೆದವಳು ಅರ್ಚನಾ. ಹತ್ತು ಸಲ ನೋಡಿದಳು. ಅಂಕಿ ಸರಿಯೇ ಇತ್ತು...

ಸಿದ್ರಾಯ ವಾರಕ್ಕೆರಡು ಸಲ ಬಂದ. ಬೈಯಲಿಲ್ಲ. ಬೆಂಚಿನ ಮೇಲೆ ಕೂತು ತಕಲಿ ತಿರುಗಿಸಿ ಉಣ್ಣೆ ನೂಲುತ್ತಿದ್ದ. ಅವಳು ಊಟ ಬಿಟ್ಟ ದಿನ ತನ್ನ ಬುತ್ತಿಯ ರೊಟ್ಟಿ ಮುರಿದು ಕೊಟ್ಟ.

ಅವನ ತಕಲಿ ಬಾಗಿಲಲ್ಲಿ ಕಾಣದ ದಿನ ಅವಳಿಗೆ ಕೆಲಸವೇ ಓಡುತ್ತಿರಲಿಲ್ಲ. 'ಛೀ, ಅವನ ಅಪ್ಪನನ್ನು ತಿಂದವಳು ನಾನಿರಬಹುದು. ನನಗೆಂಥ ಆಸೆ...'

ಒಂದು ದಿನ ಅವನೆಂದ, "ನಾಳೆ ಅಪ್ಪಗ ತಿಂಗಳದ ಎಡಿ. ನನ್ನ ಫೋನೂ ಹೊಳ್ಯಾಗ ಹೋಗೇತಿ, ವಿಳಾಸ ನೆನಪಿಡ್ರಿ. ಘೋಡಗೇರಿ, ಮೂರನೇ ಹೊಲ. ಉಳಿದ ಹಿಂಡ ಅಲ್ಲೇ ತಂಗೇತಿ. ಗೊತ್ತಾದಷ್ಟ ಅಪ್ಪನ ಮುಂದ ಬಂದ ಹೇಳ್ರಿ."

ಎಡೆಯ ಮರುದಿನ ಬಂದವನ ಮುಖ ಬಿಗಿದಿತ್ತು.

"ಅಂಜಿ ಕುಂತ್ರಿ, ಹೌದಲ್ರಿ? ಸಂಜೀಮಟ ಹಾದಿ ನೋಡಿದ್ನಿ."

"ಬಂದಿದ್ನಿರಿ. ಮೂರನೇ ಹೊಲ ಖಾಲಿ ಇತ್ತು. ನನ್ನ ಆಡಿಸಿದ್ರಿ ಅಂತ ಅಳ್ಕೊಂತ ಹೊಳ್ಳಿ ಬಂದೆ."

"ಎಲ್ಲಿಂದ ಎಣಿಸಿದ್ರಿ?"

"ಊರಿಂದ."

"ಕುರಿಯವ್ರು ಹೊಳಿಯಿಂದ ಎಣಸ್ತಾರ. ನಮಗ ನೀರ ಮೊದಲ, ಊರ ಆಮ್ಯಾಲ."

ಅರ್ಚನಾ ಮೇಜಿನತ್ತ ತಿರುಗಿದಳು. ಅಂಕಿ ಸರಿ... ಆದರೆ ಎಣಿಕೆ ಎಲ್ಲಿಂದ?

ಫೈಲು ತೆರೆದಳು. ಅವಳು ಬರೆದ ಅಂಕಿ ಚಿಪ್ ಕೂತ ಒಳಗಿನ ಓಣಿಯಿಂದ ಎಣಿಸಿದ್ದು, ಬೋರ್ಡು ಹುಡುಕುವುದು ಹೊರಗಿನಿಂದ ಎಣಿಸಿ. ಅದನ್ನು ಹೊರಗಿನ ಎಣಿಕೆಗೆ ಜೋಡಿಸುವ ಸಾಲೊಂದು ಇರಲೇ ಇಲ್ಲ. ಬೋರ್ಡಿಗೆ ಚಿಪ್ ಸಿಕ್ಕೇ ಇರಲಿಲ್ಲ.

ಸುಮ್ಮನಿದ್ದರೆ ಯಾರಿಗೂ ತಿಳಿಯದು. ಹೇಳಿದರೆ ಅವನು ಮತ್ತೆ ಬಾರ.

"ತಪ್ಪ ನಂದರಿ. ಹಳೇ ಬೋರ್ಡಿನ ಫೈಲ ನಕಲ ಮಾಡಿದೆ. ಗುಂಡಿ ಒತ್ತಿ ಒದರಿಸಿ ನೋಡಿದ್ನಿ, ನೀರಾಗ ಇಟ್ಟ ನೋಡಲಿಲ್ಲ."

ತಕಲಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳದೆಯೇ ಅವನು ಕೇಳಿದ.

"ಇಂಥಾವ ಇನ್ನ ಎಷ್ಟ ಅದಾವು?"

"ಒಂದ. ಘೋಡಗೇರಿದು... ನಿಮ್ಮ ಹಿಂಡಿನ ಬಾಜೂಕ."

"ಏಳ್ರಿ."

ಘೋಡಗೇರಿಯ ದಂಡೆಯಲ್ಲಿ ಅವಳು ಆ ಒಂದು ಸಾಲು ಸೇರಿಸಿದಳು. ಸೆನ್ಸರನ್ನು ಬಕೆಟಿನ ನೀರಿಗಿಳಿಸಿದಳು. ಸೈರನ್ ಒದರಿತು. ಕುರಿಗಳು ಚೆಲ್ಲಾಪಿಲ್ಲಿಯಾದವು. ಅಪ್ಪನನ್ನು ಮಣ್ಣು ಮಾಡಿದ ದಿನವೂ ಅಳದಿದ್ದ ಸಿದ್ರಾಯ ನೆಲಕ್ಕೆ ಕೂತು ಅತ್ತ.

"ನನ್ನ ಕ್ಷಮಿಸ್ತೀರೇನ್ರಿ?"

"ಇನ್ನೂ ಆಗವಲ್ದು. ನಿಮ್ಮನ್ನ ನೋಡದ ಇರಾಕೂ ಆಗವಲ್ದು."

ಅವಳು ಅವನ ಪಕ್ಕದಲ್ಲಿ ಕೂತಳು.

"ನಾಳೆ ಎಲ್ಲಿ ಇರ್ತೀರಿ?"

"ಮೂರನೇ ಹೊಲ."

"ಹೊಳಿಯಿಂದ ಎಣಸ್ಕೊಂತ ಬರತೇನಿ."

"ಬ್ಯಾಡ. ನೀವು ಊರಿಂದನ ಎಣಸ್ರಿ... ಹಿಂಡ ನಾ ಅಲ್ಲಿಗೆ ತರತೇನಿ."