ಅರ್ಧ ಹಲಗೆ

ಗುರುವಾರ ಮಧ್ಯಾಹ್ನ 2.40ಕ್ಕೆ ಠಾಣೆಗೆ ಬಂದ ದೂರನ್ನು ಇನ್ಸ್‌ಪೆಕ್ಟರ್ ಎರಡು ಸಲ ಓದಿದರು. ಕಲೋತ್ಸವದ ಮುಖ್ಯ ವೇದಿಕೆಯ ನಾಮಫಲಕ ಕಳುವಾಗಿದೆ. ಪೂರ್ತಿಯಲ್ಲ, ಅರ್ಧ.

"ಅರ್ಧ ಅಂದ್ರೆ?"

"ಅರ್ಧ ಅಂದ್ರೆ ಅರ್ಧ ಸಾರ್. ಗರಗಸದಲ್ಲಿ ಕುಯ್ಕೊಂಡು ಹೋಗಿದ್ದಾರೆ."

ದೂರು ಕೊಟ್ಟವರು ಆ ಪ್ರಾಂತ್ಯದ ಕಲೋತ್ಸವವನ್ನು ಇಪ್ಪತ್ತೆರಡು ವರ್ಷಗಳಿಂದ ನಡೆಸುತ್ತಿದ್ದ ಹೆಂಗಸು. ಪ್ರತಿ ಕಲಾವಿದರ ವಿವರವನ್ನೂ ಕಾರ್ಡಿನಲ್ಲಿ ಬರೆದಿಡುತ್ತಿದ್ದುದರಿಂದ ಊರಿಗೆಲ್ಲ ಅವರು ಕಾರ್ಡಕ್ಕ. ಉದ್ಘಾಟನೆ ಮರುದಿನ ಸಂಜೆ ಐದಕ್ಕೆ.

"ಇಷ್ಟು ವರ್ಷದಲ್ಲಿ ಒಂದು ಕುರ್ಚಿ ಕಳೆದಿಲ್ಲ ಸಾರ್. ನಾಳೆ ಯಾವ ಮುಖ ಇಟ್ಕೊಂಡು ನಿಂತ್ಕೊಳ್ಳಲಿ?"

FIR ದಾಖಲಾಯಿತು. 3.30ಕ್ಕೆ ಇನ್ಸ್‌ಪೆಕ್ಟರ್ ಸಭಾಂಗಣಕ್ಕೆ ಹೋದರು. ಜೊತೆಗೆ ಉದ್ದಪ್ಪ. ಠಾಣೆಯ ಬಾಗಿಲಿಗೆ ದಿನಕ್ಕೊಂದು ಸಲವಾದರೂ ಹಣೆ ತಗಲಿಸಿಕೊಳ್ಳುವ ಆ ಕಾನ್‌ಸ್ಟೇಬಲ್‌ಗೆ ಬೇರೆ ಹೆಸರಿದ್ದದ್ದು ಸಂಬಳದ ದಿನ ಮಾತ್ರ ನೆನಪಾಗುತ್ತಿತ್ತು.

ಇಬ್ಬರು ಬಡಗಿಗಳ ಸಮಕ್ಷಮ ಪಂಚನಾಮೆ ನಡೆಯಿತು. ದುಬಾರಿ ದೀಪಗಳು, ಧ್ವನಿವರ್ಧಕಗಳು ಇದ್ದಲ್ಲೇ ಇದ್ದವು. ಬಡಗಿಗಳು ಒಂದರಿಂದ ಎರಡು ಗಂಟೆವರೆಗೆ ಊಟಕ್ಕೆ ಹೋಗಿದ್ದಾಗ ಅವರದೇ ಸಣ್ಣ ಗರಗಸ ಬಳಕೆಯಾಗಿತ್ತು. ಕಳ್ಳ ಅದನ್ನು ಒರೆಸಿ, ಚೀಲದಲ್ಲಿ ಮರಳಿ ಇಟ್ಟಿದ್ದ! ಇಂಥ ಮರ್ಯಾದಸ್ಥ ಕಳ್ಳನನ್ನು ಇನ್ಸ್‌ಪೆಕ್ಟರ್ ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ.

ಫಲಕದ ಮೇಲೆ ಇದ್ದದ್ದು 'ದಿವಂಗತ ಸಹೋದರ ಗಾಯಕರ ವೇದಿಕೆ' ಎಂಬ ಬರಹ, ಭುಜಕ್ಕೆ ಭುಜ ತಾಗಿಸಿ ಕುಳಿತ ಅಣ್ಣತಮ್ಮಂದಿರ ಚಿತ್ರ. ಈಗ ಉಳಿದದ್ದು ಅಣ್ಣ ಮಾತ್ರ.

"ಇಲ್ನೋಡಿ ಸಾರ್," ಎಂದ ಬಡಗಿ. "ನಾವಾಗಿದ್ರೆ ನೇರ ಎಳೀತಿದ್ವಿ. ಇವನು ಅಣ್ಣನ ಮೊಣಕೈ ಉಳಿಸೋಕೆ ಸುತ್ತಿ ಬಳಸಿ ಕುಯ್ದಿದ್ದಾನೆ."

ಇನ್ಸ್‌ಪೆಕ್ಟರ್ ಆ ಮೊಣಕೈಯನ್ನೇ ನೋಡುತ್ತ ನಿಂತರು. "ತಮ್ಮನ ಮನೆಯವರು ಯಾರಿದ್ದಾರೆ?"

"ಗೊತ್ತಿಲ್ಲ ಸಾರ್. ಇಬ್ರೂ ತೀರ್ಕೊಂಡು ಆರು ವರ್ಷ ಆಯ್ತು," ಎಂದರು ಕಾರ್ಡಕ್ಕ.

"ಒಟ್ಟಿಗೇನಾ?"

ಕಾರ್ಡಕ್ಕ ಕಚೇರಿಯ ಕಡೆ ತಿರುಗಿದರು. "ಕಾರ್ಡ್ ನೋಡಿ ಹೇಳ್ತೀನಿ."

ಕಚೇರಿಯಲ್ಲಿ ಎರಡು ಪೆಟ್ಟಿಗೆಗಳಿದ್ದವು. ಇರುವವರಿಗೆ ಹಸಿರು, ಹೋದವರಿಗೆ ಕಪ್ಪು. ಕಪ್ಪು ಪೆಟ್ಟಿಗೆಯಿಂದ ಬಂದ ಕಾರ್ಡಿನಲ್ಲಿ ಹೆಸರುಗಳು ಎರಡು, ಮರಣದ ದಿನಾಂಕ ಒಂದೇ.

"ಇದು ಯಾರದು?"

"ಅಣ್ಣಂದು."

"ತಮ್ಮಂದು?"

"ನಲವತ್ತು ವರ್ಷ ಜೋಡಿಯಾಗೇ ಹಾಡಿದ್ರು ಸಾರ್. ಜೋಡಿಗೆ ಒಂದೇ ಕಾರ್ಡು. ಅಣ್ಣ ಹೋದ ಸುದ್ದಿ ಬಂದ ದಿನ ಈ ಪೆಟ್ಟಿಗೆಗೆ ಹಾಕಿದೆ. ಈ ವರ್ಷ ವೇದಿಕೆಗೆ ಹೆಸರು ಹುಡುಕುವಾಗ..." ಅವರು ಕಾರ್ಡನ್ನು ಮತ್ತೊಮ್ಮೆ ಓದಿದರು. "ಅಯ್ಯೋ ದೇವರೇ. ನನ್ನ ಕೈಯಾರೆ!"

5.20ಕ್ಕೆ ಉದ್ದಪ್ಪ ಬಸ್ ನಿಲ್ದಾಣದಲ್ಲಿ ವಿಚಾರಿಸಿಕೊಂಡು ಬಂದ. 2.10ರ ಬಸ್ಸಿನಲ್ಲಿ ಒಬ್ಬ ಮುದುಕರು ದುಪ್ಪಟಿ ಸುತ್ತಿದ ಹಲಗೆಯೊಂದಿಗೆ ಹತ್ತಿದ್ದರಂತೆ.

"ಕೆಳಗೆ ಮಲಗಿಸಿ ಅಂದ್ರೆ ಕಂಡಕ್ಟರ್ ಮೇಲೆ ರೇಗಿದ್ರಂತೆ ಸಾರ್. ಮಲಗಿಸಿದ್ದು ಸಾಕು, ನಿಂತೇ ಬರಲಿ ಅಂದ್ರಂತೆ. ಗಿರಣಿ ಸ್ಟಾಪಲ್ಲಿ ಇಳಿದ್ರು."

ಗಿರಣಿಯ ಹಿಂದಿನ ಎರಡು ಕೋಣೆಗಳ ಮನೆಯ ಬಾಗಿಲನ್ನು ಮುದುಕರ ಮಗಳು ತೆರೆದಾಗ 6.15. ಹಲಗೆ ಎದುರು ಗೋಡೆಗೆ ಒರಗಿ ನಿಂತಿತ್ತು. ಅದರ ಪಕ್ಕ, ಅದೇ ಮುಖ, ಇನ್ನಷ್ಟು ವಯಸ್ಸಾಗಿ, ಕುರ್ಚಿಯಲ್ಲಿ ಕುಳಿತಿತ್ತು.

"ಇದನ್ನ ತಂದಿದ್ದು ನೀವಾ?"

"ನಾನೇ. ಅಣ್ಣನ ಕಡೆ ಮುಟ್ಟಿಲ್ಲ. ಬರೆದಿರೋದು ಅವನ ಮಟ್ಟಿಗೆ ನಿಜ."

"ಬಾಯಲ್ಲಿ ಹೇಳಬಹುದಿತ್ತಲ್ಲ?"

"ಹೋದ ವಾರ ಸಭಾಂಗಣಕ್ಕೆ ಹೋಗಿದ್ದೆ. ಬಾಗಿಲಲ್ಲಿದ್ದ ಸ್ವಯಂಸೇವಕಿ ಯಾರು ಅಂತ ಕೇಳಿದ್ಳು. ಹೆಸರು ಹೇಳಿದೆ. 'ಅಜ್ಜ, ಪಾಪ, ಅವರು ತೀರ್ಕೊಂಡಿದ್ದಾರೆ' ಅಂತ ನೀರು ಕೊಟ್ಟು ಕಳಿಸಿದ್ಳು."

ಉದ್ದಪ್ಪನಿಗೆ ನಗು ಬಂತು. ಮಗಳ ಮುಖ ನೋಡಿ ನುಂಗಿಕೊಂಡ.

"ಪ್ರತಿ ವರ್ಷ ಈ ತಿಂಗಳು ಅಪ್ಪ ತಣ್ಣೀರು ಮುಟ್ಟಲ್ಲ," ಎಂದಳು ಅವಳು. "ಕರೆದ್ರೆ ಗಂಟಲು ಸರಿಯಿರಬೇಕಂತೆ. ಆರು ವರ್ಷದಿಂದ."

7.05ಕ್ಕೆ ಠಾಣೆಯಲ್ಲಿ ಬಂಧನದ ದಾಖಲೆ ಶುರುವಾಯಿತು. ಠಾಣೆಗೆ ಓಡಿಬಂದ ಕಾರ್ಡಕ್ಕ ದೂರು ವಾಪಸ್ ಎಂದರು. ಅದನ್ನು ನ್ಯಾಯಾಲಯದಲ್ಲಿ ಹೇಳಿ, ಈಗ ಜಾಮೀನಿಗೆ ಸಹಿ ಹಾಕಿ ಎಂದರು ಇನ್ಸ್‌ಪೆಕ್ಟರ್. ಕಾರ್ಡಕ್ಕ ಸಹಿ ಹಾಕಿದರು.

"ವಯಸ್ಸು?" ಬರಹಗಾರ ಪೇದೆ ಬಂಧನ ಪತ್ರ ತುಂಬುತ್ತಿದ್ದ.

"ಎಪ್ಪತ್ತೊಂದು."

"ಉದ್ಯೋಗ?"

ಮುದುಕರು ಕಾರ್ಡಕ್ಕನ ಕಡೆ ನೋಡಿದರು.

"ಹಾಡುಗಾರರು ಅಂತ ಬರೀರಿ," ಎಂದರು ಕಾರ್ಡಕ್ಕ. ಅವರ ಕಣ್ಣು ತುಂಬಿತ್ತು. "ನಾಳೆ ಮೊದಲ ಹಾಡು ನಿಮ್ಮದೇ. ತಪ್ಪಾಯ್ತು. ಬರ್ತೀರಾ?"

ಇನ್ಸ್‌ಪೆಕ್ಟರ್ ಕೇಸ್ ಡೈರಿಯಲ್ಲಿ ಉದ್ದೇಶದ ಮುಂದೆ ಬರೆದರು: ಆರೋಪಿಗೆ ತಾನು ಬದುಕಿರುವುದನ್ನು ತಿಳಿಸಲು ಬೇರೆ ದಾರಿ ಕಂಡಿಲ್ಲ.

"ಈ ಬಂಧನ ಪತ್ರದ ನಕಲು ನನಗೂ ಸಿಗುತ್ತಾ?" ಎಂದರು ಮುದುಕರು.

"ಕೊಡಲೇಬೇಕು. ನಿಯಮ. ಯಾಕೆ?"

ಅವರು ನಕಲನ್ನು ನಾಲ್ಕಾಗಿ ಮಡಚಿ ಜೇಬಿಗೆ ಇಟ್ಟುಕೊಂಡರು.

"ನಾಳೆ ಬಾಗಿಲಲ್ಲಿ ಆ ಹುಡುಗಿ ಮತ್ತೆ ಕೇಳಿದ್ರೆ ತೋರಿಸೋಕೆ."