ಬರ್ಸೂಮ ಕೆರೆದ ಮೂರು ಪುಸ್ತಕಗಳು

ಬಹಳ ಬಹಳ ಹಿಂದೆ, ಎರಡು ನದಿಗಳ ನಡುವೆ ಮರ್ಜಾನ ಅಂತ ಒಂದು ರಾಜ್ಯವಿತ್ತು. ಅಲ್ಲಿ ಯೆಹೂದ್ಯರಿಗೊಂದು ಕೇರಿ, ಕ್ರೈಸ್ತರಿಗೊಂದು ಕೇರಿ. ಸಂತೆಗೂ ಜಗಳಕ್ಕೂ ಜೋಗುಳಕ್ಕೂ ಎಲ್ಲರ ಬಾಯಲ್ಲಿ ಅರಬ್ಬಿಯೇ. ಆದರೆ ಯೆಹೂದ್ಯರ ಧರ್ಮಗ್ರಂಥ ತೋರಾ ಇದ್ದದ್ದು ಹೀಬ್ರೂವಿನಲ್ಲಿ, ಕ್ರೈಸ್ತರ ಪುಸ್ತಕಗಳಿದ್ದದ್ದು ಹಳೆಯ ಸುರಿಯಾನಿಯಲ್ಲಿ. ಮುತ್ತಜ್ಜಂದಿರ ಕಾಲಕ್ಕೇ ಆ ಮಾತುಗಳು ಜನರ ನಾಲಿಗೆಯಿಂದ ಜಾರಿಹೋಗಿದ್ದವು. ಗುರುಗಳು ತಮಗೂ ಅರ್ಥವಾಗದ್ದನ್ನು ತಲೆಯಾಡಿಸುತ್ತ ಓದುತ್ತಿದ್ದರು, ಜನ ಹೂಂ ಹೂಂ ಅಂತ ತಲೆಯಾಡಿಸುತ್ತಿದ್ದರು. ತಿಳಿಯಲಿಲ್ಲ ಅನ್ನಲು ಎಲ್ಲರಿಗೂ ನಾಚಿಕೆ. ಅಯ್ಯೋ, ಆ ನಾಚಿಕೆಗಿಷ್ಟು ಬೆಂಕಿ ಹಾಕ!

ಊರಾಚೆಯ ಬೆಟ್ಟದ ಮೇಲೆ ಕರ್ಕೂಸನೆಂಬ ಮಾಂತ್ರಿಕನಿದ್ದ. ಅವನು ಅನ್ನ ತಿನ್ನುತ್ತಿರಲಿಲ್ಲ, ಜನ ಮರೆತ ಮಾತುಗಳನ್ನು ತಿನ್ನುತ್ತಿದ್ದ. ವಸಂತದ ಹಬ್ಬದ ದಿನ ಎರಡೂ ಕೇರಿಯ ಜನ ದೇವರ ಮನೆಗಳಲ್ಲಿ ತುಂಬಿದ್ದಾಗ ಅವನೊಂದು ಶಾಪ ಹಾಕಿದ. ತಿಳಿಯದೆ ತಲೆಯಾಡಿಸಿದವರೆಲ್ಲ ಕಾಲಿನಿಂದ ಕಲ್ಲಾಗತೊಡಗಿದರು. ಕಲ್ಲು ದಿನಕ್ಕೊಂದು ಬೆರಳಿನಷ್ಟು ಮೇಲೇರುತ್ತಿತ್ತು. ಕಣ್ಣು ಮುಟ್ಟಿದರೆ ಮುಗಿಯಿತು.

ರಾಜ ಬೆಟ್ಟಕ್ಕೆ ದೂತರನ್ನು ಕಳಿಸಿದ. ಕರ್ಕೂಸ ನಕ್ಕು ಹೇಳಿ ಕಳಿಸಿದ್ದು ಇಷ್ಟು. ನನ್ನ ಕೋಟೆಗೆ ಮೂರು ಬಾಗಿಲು, ಬಾಗಿಲಿಗೊಂದು ಮೃಗ. ಮೊದಲನೆಯದಕ್ಕೆ ತೋರಾ, ಎರಡನೆಯದಕ್ಕೆ ಎರಡೂ ಕೇರಿಯವರು ಹಾಡುವ ಕೀರ್ತನೆಗಳು, ಮೂರನೆಯದಕ್ಕೆ ಕ್ರೈಸ್ತರ ಸುವಾರ್ತೆ, ಮೂರನ್ನೂ ಅರಬ್ಬಿಯಲ್ಲಿ ಓದಬೇಕು. ಮೃಗಕ್ಕೆ ತಿಳಿದರೆ ಬಾಗಿಲು ತೆರೆಯುತ್ತದೆ, ಒಂದು ಮಾತು ತಿಳಿಯದಿದ್ದರೂ ಓದಿದವನನ್ನು ನುಂಗುತ್ತದೆ. ಮೂರೂ ತೆರೆದರೆ ನಾನೂ ಇಲ್ಲ, ನನ್ನ ಶಾಪವೂ ಇಲ್ಲ.

ಕ್ರೈಸ್ತರ ಕೇರಿಯಲ್ಲಿ ಕಲ್ಲಾಗದೆ ಉಳಿದವರು ಇಬ್ಬರೇ. ಒಬ್ಬ ಬರ್ಸೂಮ, ಪುಸ್ತಕ ನಕಲು ಮಾಡುವ ಲಿಪಿಕಾರ. ಇನ್ನೊಬ್ಬಳು ಅವನ ತಾಯಿ ಶಮ್ಮೂನಿ. ಅವಳು ದೂರದ ಗುಡ್ಡದ ಹಳ್ಳಿಯವಳು. ಹಳ್ಳಿಗೆ ಹಳ್ಳಿಯೇ ಪಿಡುಗಿಗೆ ಸತ್ತು, ಅವಳೊಬ್ಬಳು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಂದಿದ್ದಳು. ಸುರಿಯಾನಿ ಬಿಟ್ಟರೆ ಬೇರೆ ಮಾತು ಅವಳ ನಾಲಿಗೆಗೆ ಹತ್ತಲೇ ಇಲ್ಲ. ಇಡೀ ರಾಜ್ಯದಲ್ಲಿ ಅವಳು ಬಾಯಿಬಿಟ್ಟು ಮಾತಾಡಲು ಇದ್ದವನು ಮಗನೊಬ್ಬನೇ. ಸೊಸೆ ತಕ್ಲಾ ಅರಬ್ಬಿ ಮಾತಿನವಳು, ಅತ್ತೆಯನ್ನು ಮೆಚ್ಚಿಸಲು ಹಬ್ಬದ ದಿನ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದ್ದಳು. ಪಾಪ, ಬರ್ಸೂಮ ಅವಳನ್ನು ಮನೆಗೆ ಹೊತ್ತು ತಂದಾಗ ಪಾದಗಳು ಆಗಲೇ ಕಲ್ಲಾಗಿದ್ದವು.

ಯೆಹೂದ್ಯರ ಕೇರಿಯಲ್ಲಿ ಉಳಿದವನು ಹನೋಕ, ಮುದುಕ ಲಿಪಿಕಾರ, ಹೀಬ್ರೂ ಬಲ್ಲವನು. ಅವನು ಎರಡು ಕಟ್ಟು ಕಾಗದ ಹೊತ್ತು ಬರ್ಸೂಮನ ಮನೆಗೆ ಬಂದ. ಒಂದು ಕಟ್ಟು ನಿನಗೆ, ಒಂದು ನನಗೆ, ಕೂಡಿ ಬರೆಯೋಣ ಅಂದ. ಬರ್ಸೂಮ ಮುಖ ಸಿಂಡರಿಸಿದ. ಅವನು ಕಲಿತ ಮಠದಲ್ಲಿ ದೇವರ ಮಾತನ್ನು ಕುರಿಚರ್ಮದ ಹಾಳೆಯ ಮೇಲಷ್ಟೇ ಬರೆಯುತ್ತಿದ್ದರು. ಹೊಸ ಚರ್ಮ ಸಿಗದಿದ್ದರೆ ಹಳೆಯ ಪುಸ್ತಕದ ಅಕ್ಷರವನ್ನು ಚಾಕುವಿನಿಂದ ಕೆರೆದು, ಅದೇ ಹಾಳೆಯ ಮೇಲೆ ಹೊಸದನ್ನು ಬರೆಯುವುದು ಅಲ್ಲಿಯ ಪದ್ಧತಿ.

“ಚಿಂದಿ ಬಟ್ಟೆ ಕೊಳೆಸಿ ಮಾಡಿದ ಕಾಗದದ ಮೇಲೆ ದೇವರ ಮಾತು ಬರೆಯಲೇ, ಅಣ್ಣಾ?” ಅಂದ ಬರ್ಸೂಮ.

“ನಮ್ಮಲ್ಲಿ ಹರಿದ ಹಾಳೆಯನ್ನೂ ಅಳಿಸುವುದಿಲ್ಲ ತಮ್ಮಾ, ಒಂದು ಕೋಣೆಯಲ್ಲಿ ಜೋಪಾನ ಮಾಡುತ್ತೇವೆ. ಕೆರೆಯಬೇಡ,” ಅಂದ ಹನೋಕ.

ಹಿರಿಯರ ಮಾತಿಗೆ ಎಲ್ಲಿ ಬೆಲೆ? ಬರ್ಸೂಮ ಕೇಳಲಿಲ್ಲ. ಹನೋಕ ಎರಡೂ ಕಟ್ಟುಗಳನ್ನು ವಾಪಸು ಹೊತ್ತೊಯ್ದು ತನ್ನ ಬರವಣಿಗೆಗೇ ಬಳಸಿದ. ಹೀಬ್ರೂವಿನ ಒಂದು ಸಾಲು, ಅದರ ಕೆಳಗೆ ಅರಬ್ಬಿಯ ಒಂದು ಸಾಲು, ಹೀಗೆ. ಇತ್ತ ಬರ್ಸೂಮ, ಕ್ರೈಸ್ತರೂ ಓದುತ್ತಿದ್ದ ತೋರಾದ, ಊರಿಗಿದ್ದ ಒಂದೇ ಸುರಿಯಾನಿ ಪ್ರತಿಯನ್ನು ಮುಂದಿಟ್ಟುಕೊಂಡ. ಪುಟ ಓದುವುದು, ತಾಯಿಯನ್ನು ಕೇಳುವುದು, ಅರಬ್ಬಿಯಲ್ಲಿ ಬಾಯಿಪಾಠ ಮಾಡುವುದು, ಹಳೆಯದನ್ನು ಕೆರೆದು ಹೊಸದನ್ನು ಬರೆಯುವುದು.

ತೋರಾದಲ್ಲಿ ತಿನ್ನಬಾರದ ಹಕ್ಕಿಗಳ ಹೆಸರುಗಳಿವೆ. ಅದರಲ್ಲೊಂದು ಹಕ್ಕಿ ಯಾವುದೆಂದು ಬರ್ಸೂಮ, ಹನೋಕ ಇಬ್ಬರಿಗೂ ತಿಳಿಯದೆ ನಾಲ್ಕು ದಿನ ಹಾಳಾಯಿತು. ಕೊನೆಗೆ ಸಂತೆಯ ಹಕ್ಕಿಹಿಡುಕನನ್ನು ಕೇಳಿ ಬರೆದರು. ಇಬ್ಬರೂ ಕೂಡಿ ಮೊದಲ ಬಾಗಿಲಿಗೆ ಹೋದರು. ಅಲ್ಲಿ ಕಬ್ಬಿಣದ ಟಗರು ನಿಂತಿತ್ತು. ಸರದಿಯಲ್ಲಿ ಓದಿದರು. ಟಗರಿಗೆ ಎಲ್ಲವೂ ತಿಳಿಯಿತು, ಆ ಹಕ್ಕಿಯೂ ತಿಳಿಯಿತು. ಬಾಗಿಲು ತೆರೆಯಿತು.

ಮನೆಗೆ ಬಂದು ಉಣ್ಣಲು ಕೂತಾಗ ಶಮ್ಮೂನಿ ಏನೋ ಕೇಳಿದಳು. ಬರ್ಸೂಮನಿಗೆ ಒಂದು ಪದ ಹೊಳೆಯಲಿಲ್ಲ. ಅವಳು ಉಪ್ಪಿನ ಮರಿಗೆಯನ್ನು ಬೆರಳಿಟ್ಟು ತೋರಿಸಿದಳು. ಉಪ್ಪು ಅನ್ನುವ ಪದವೇ ಮರೆತಿತ್ತು. ದಣಿವು ಅಂದುಕೊಂಡು ಊಟ ಮುಂದುವರಿಸಿದ. ತಕ್ಲಾ ಸೊಂಟದವರೆಗೆ ಕಲ್ಲಾಗಿದ್ದಳು.

ಕೀರ್ತನೆಗಳನ್ನು ಬರೆದು ಇಬ್ಬರೂ ಎರಡನೆಯ ಬಾಗಿಲಿಗೆ ಹೋದರು. ಅಲ್ಲಿ ಎರಡು ತಲೆಯ ರಣಹದ್ದು ಕೂತಿತ್ತು. ಬರ್ಸೂಮನ ಅರಬ್ಬಿ ಕೇಳಿ ಅದರ ನಾಲ್ಕೂ ಕಣ್ಣುಗಳಲ್ಲಿ ನೀರು ಬಂತು. ಬಾಗಿಲು ತೆರೆದು ಅದು ಅವನನ್ನು ಪಕ್ಕಕ್ಕೆ ಕರೆಯಿತು.

“ಅಳುವಂತೆ ಓದಿದೆ, ಅದಕ್ಕೇ ಹೇಳುತ್ತಿದ್ದೇನೆ. ನೀನು ಕೆರೆದ ಅಕ್ಷರವೆಲ್ಲ ನನ್ನ ಯಜಮಾನನ ಹೊಟ್ಟೆ ಸೇರುತ್ತಿದೆ. ಹಾಳೆಯಿಂದ ಹೋದದ್ದು ನಿನ್ನ ತಲೆಯಿಂದಲೂ ಹೋಗುತ್ತದೆ. ಇನ್ನೊಂದು ಪುಸ್ತಕ ಕೆರೆದರೆ ಸುರಿಯಾನಿ ನಿನಗೆ ಪೂರಾ ಇಲ್ಲ.”

ಬರ್ಸೂಮ ಓಡಿಬಂದ. ಹನೋಕನ ಕಾಲು ಹಿಡಿದು ಕಾಗದ ಕೇಳಿದ. ಹನೋಕನ ಹತ್ತಿರ ಒಂದು ಹಾಳೆಯೂ ಉಳಿದಿರಲಿಲ್ಲ. ಊರಲ್ಲಿ ಹೊಸ ಚರ್ಮವಿಲ್ಲ, ಬರೆದ ಅರಬ್ಬಿಯನ್ನು ಕೆರೆದರೆ ಅರಬ್ಬಿಯೂ ತಲೆಯಿಂದ ಹೋಗುತ್ತದೆ. ಕಾಗದದ ವ್ಯಾಪಾರಿಗಳು ಬರುವುದು ಇನ್ನು ತಿಂಗಳಿಗೆ. ತಕ್ಲಾಳ ಕಲ್ಲು ಎದೆ ದಾಟಿತ್ತು, ಅವಳ ಕಣ್ಣಿಗೆ ಇದ್ದದ್ದು ಇಪ್ಪತ್ತು ದಿನ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವೇನು ಅನ್ನುತ್ತಾರೆ. ಅಂದವರಿಗೆ ಇಂಥ ಸಂಕಟ ಬಂದಿರಲಿಕ್ಕಿಲ್ಲ.

ಅವನು ತಾಯಿಯ ಮುಂದೆ ಕೂತು, ಉಳಿದಿದ್ದ ಅರೆಬರೆ ಮಾತಿನಲ್ಲಿ, ಕೈಸನ್ನೆಯಲ್ಲಿ ಎಲ್ಲವನ್ನೂ ಹೇಳಿದ. ಹೆಂಡತಿಯನ್ನು, ಎರಡು ಕೇರಿಯ ಜನರನ್ನು ಉಳಿಸಿದರೆ ಅವ್ವನ ಮಾತು ಹೋಗುತ್ತದೆ. ಶಮ್ಮೂನಿ ಎದ್ದಳು. ಸೊಸೆಯ ಹತ್ತಿರ ಹೋಗಿ ಅವಳ ಬೆಚ್ಚಗಿನ ಕೆನ್ನೆ ಮುಟ್ಟಿ ನೋಡಿದಳು. ಆಮೇಲೆ ಚಾಕುವನ್ನು ತಾನೇ ತಂದು ಮಗನ ಕೈಯಲ್ಲಿಟ್ಟಳು.

“ಕೆರಿ, ಕಂದ. ನಾನು ಆಡಬೇಕಾದ್ದನ್ನೆಲ್ಲ ಆಡಿಯಾಗಿದೆ,” ಅಂದಳು.

ಅದು ಸುಳ್ಳು. ಯಾವ ತಾಯಿಯ ಮಾತು ಆಡಿ ಮುಗಿದಿದೆ? ಬರ್ಸೂಮನಿಗೂ ಸುಳ್ಳೆಂದು ಗೊತ್ತಿತ್ತು. ಅಳುತ್ತಲೇ ಕೆರೆದ, ಅಳುತ್ತಲೇ ಬರೆದ. ಅವಳು ಪಕ್ಕದಲ್ಲೇ ಕೂತು, ಅವನು ಕೇಳಿದ ಪದಗಳಿಗೆ ಅರ್ಥ ಹೇಳಿದಳು. ದಿನದಿನಕ್ಕೆ ಅವಳ ಮಾತು ಅವನಿಗೆ ಕಡಿಮೆ ತಿಳಿಯುತ್ತ ಬಂತು. ಕಡೆಯ ಪುಟಕ್ಕೆ ಅವಳ ಸನ್ನೆಯೊಂದೇ ಗತಿಯಾಯಿತು.

ಸುವಾರ್ತೆ ಹಿಡಿದು ಮೂರನೆಯ ಬಾಗಿಲಿಗೆ ಬರ್ಸೂಮ ಒಬ್ಬನೇ ಹೋದ. ಅಲ್ಲಿ ಬೆಂಕಿಯುಗುಳುವ ಸರ್ಪವಿತ್ತು. ಕಡೆಯವರೆಗೆ ಓದಿದ. ಸರ್ಪ ಹೆಡೆ ಮಡಚಿ ದಾರಿ ಬಿಟ್ಟಿತು. ಬಾಗಿಲು ತೆರೆದದ್ದೇ ತಡ, ಕರ್ಕೂಸ ಕುಂಬಳಕಾಯಿಯಂತೆ ಒಡೆದು ಸತ್ತ. ಅವನು ತಿಂದ ಮಾತುಗಳೆಲ್ಲ ಹೊಗೆಯಾಗಿ ಹಾರಿ ಚದುರಿಹೋದವು. ಬರ್ಸೂಮ ಹುಚ್ಚನಂತೆ ಹೊಗೆಯ ಹಿಂದೆ ಓಡಿದ. ಕೈಗೆ ಏನೂ ಸಿಗಲಿಲ್ಲ.

ಊರಿಗೆ ಬಂದರೆ ಎರಡೂ ಕೇರಿಯ ಜನ ಎದ್ದು ಓಡಾಡುತ್ತಿದ್ದರು. ತಕ್ಲಾ ಬಾಗಿಲಿಗೆ ಬಂದು ಅವನ ಕೊರಳು ತಬ್ಬಿದಳು. ದೇವರ ಮಾತು ಅರಬ್ಬಿಯಲ್ಲಿ ಕೇಳಿ ಜನ ನಕ್ಕರು, ಅತ್ತರು, ತಿಳಿಯದ್ದನ್ನು ಗುರುಗಳ ಬಾಯಿಗೆ ಬಾಯಿ ಕೊಟ್ಟು ಕೇಳಿದರು. ಎಲ್ಲರೂ ನೂರ್ಕಾಲ ಸುಖವಾಗಿದ್ದರು. ಕತೆ ಹೇಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಆಗುವುದಿಲ್ಲ.

ಶಮ್ಮೂನಿ ಏಳು ವರ್ಷ ಬದುಕಿದಳು. ಸೊಸೆ ಅನ್ನ ಹಾಕಿದಳು, ಕಾಲು ಒತ್ತಿದಳು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಬರ್ಸೂಮ ಮೊದಲಿನಿಂದ ಕಲಿಯಲು ಹೊರಟ. ಅವಳು ಹೇಳಿದ ಪದ ಒಂದು ಕ್ಷಣವೂ ಅವನ ತಲೆಯಲ್ಲಿ ನಿಲ್ಲಲಿಲ್ಲ. ಕೊನೆಯ ದಿನ ಅವಳು ಒಂದೇ ಪದವನ್ನು ಮತ್ತೆಮತ್ತೆ ಹೇಳುತ್ತಿದ್ದಳು. ನೀರು ತಂದ, ಅಲ್ಲ. ಹೊದಿಕೆ ತಂದ, ಅಲ್ಲ. ಗುರುಗಳನ್ನು ಕರೆತಂದ, ಅವಳು ಅಲ್ಲವೆಂದು ಗೋಣು ಅಲ್ಲಾಡಿಸಿದಳು. ಕಡೆಗೆ ದಾರಿ ಕಾಣದೆ, ರಾಜ್ಯವೇ ಕೊಂಡಾಡುತ್ತಿದ್ದ ತನ್ನ ಅರಬ್ಬಿಯಲ್ಲಿ ಒಂದು ಕೀರ್ತನೆ ಓದತೊಡಗಿದ. ಹೊರಗೆ ನಿಂತ ಜನ ಕಣ್ಣೊರೆಸಿಕೊಂಡರು. ಶಮ್ಮೂನಿಗೆ ಅದರಲ್ಲಿ ಒಂದು ಮಾತೂ ತಿಳಿಯಲಿಲ್ಲ. ಮಗನ ಬಾಯಿಯನ್ನೇ ನೋಡುತ್ತ ಮಲಗಿದ್ದಳು, ಓದು ಮುಗಿಯುವ ಮೊದಲೇ ಪ್ರಾಣ ಹೋಯಿತು.